ಮೂವತ್ತೊಂದನೆಯ ದಿನದ ಮಾತ್ರೆ

(ಶಿವಮೊಗ್ಗದಲ್ಲಿ ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ನೇಪಾಳದ ಹಳ್ಳಿಗಳಿಗೆ ಆರೋಗ್ಯ ಕೆಲಸಕ್ಕೆಂದು ಹೊರಟಿದ್ದ ಆರು ವಿದ್ಯಾರ್ಥಿಗಳು ಮುಂದಿನ ಸಾಲಿನಲ್ಲೇ ಕೂತಿದ್ದರು.)

ಎಲ್ಲರಿಗೂ ನಮಸ್ಕಾರ.

ಹೊರಡುವ ಮುಂಚೆ ಏನೇನು ತಯಾರಿ ಬೇಕು ಅಂತ ಹೇಳಿಕೊಡಿ ಎಂದು ನನ್ನನ್ನು ಕರೆದಿದ್ದೀರಿ. ಟೈಫಾಯ್ಡ್ ಲಸಿಕೆ, ವಿಮೆ, ಪಾಸ್‌ಪೋರ್ಟಿನ ಜೆರಾಕ್ಸ್, ಬೆಟ್ಟ ಹತ್ತಲು ಒಳ್ಳೆ ಬೂಟು, ಇವನ್ನೆಲ್ಲ ನಿಮ್ಮ ಮೇಷ್ಟ್ರು ಆಗಲೇ ಪಟ್ಟಿ ಮಾಡಿ ಕೊಟ್ಟಿದ್ದಾರೆ. ಅದನ್ನೇ ನಾನು ಮತ್ತೆ ಓದುವುದು ಬೇಡ. ನನಗೆ ಕೊಟ್ಟಿರುವ ಹೊತ್ತಿನಲ್ಲಿ ಒಂದು ಪ್ಲಾಸ್ಟಿಕ್ ಚೀಲದ ಬಗ್ಗೆ, ಒಂದು ರಿಜಿಸ್ಟರ್ ಬಗ್ಗೆ ಹೇಳುತ್ತೇನೆ.

ನಾನು ಡಾಕ್ಟರ್ ಅಲ್ಲ. ಬಿಎಸ್ಸಿ ನರ್ಸಿಂಗ್ ಮುಗಿಸಿ, ಆಮೇಲೆ ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಓದಿದವಳು. 2012ರಲ್ಲಿ ಅಲ್ಲಿ ಓದುತ್ತಿದ್ದಾಗ ಒಂದು ವಾರದ ಮಟ್ಟಿಗೆ ಹೊಂಡುರಾಸ್ ದೇಶಕ್ಕೆ ಹೋಗಿದ್ದೆ. ನಾವು 28 ವಿದ್ಯಾರ್ಥಿಗಳು, ಜೊತೆಗೆ ಇಬ್ಬರು ಡಾಕ್ಟರು, ಒಬ್ಬ ದಂತವೈದ್ಯರು. ವಿಮಾನದ ಟಿಕೆಟ್ ಸೇರಿ ತಲೆಗೆ ಸುಮಾರು 2,000 ಡಾಲರ್ ಖರ್ಚು. ನಾನು ಲೈಬ್ರರಿಯಲ್ಲಿ ಸಂಜೆ ಕೆಲಸ ಮಾಡಿ ಕೂಡಿಟ್ಟ ದುಡ್ಡು ಅದು.

ಹೊಂಡುರಾಸ್ ಮಧ್ಯ ಅಮೆರಿಕದಲ್ಲಿದೆ. ಒಂದು ಕಡೆ ಗ್ವಾಟೆಮಾಲಾ, ಇನ್ನೊಂದು ಕಡೆ ನಿಕರಾಗುವಾ. ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ರಾಜಧಾನಿ ತೆಗುಸಿಗಾಲ್ಪಾದಿಂದ ಬಸ್ಸು ಬೆಟ್ಟ ಹತ್ತಿದಾಗ ನನಗೆ ಕೊಪ್ಪದ ಕಡೆ ಬಂದ ಹಾಗೇ ಅನ್ನಿಸಿತು. ಕಾಫಿ ಗಿಡ, ಬಾಳೆ, ಕೆಂಪು ಮಣ್ಣಿನ ರಸ್ತೆ. ಆದರೆ ನಮ್ಮ ಬಸ್ಸಿನ ಮುಂದೆ ಪೊಲೀಸ್ ಜೀಪು ಹೋಗುತ್ತಿತ್ತು. ಆಗ ಅಲ್ಲಿ ಕೊಲೆ, ಸುಲಿಗೆ ವಿಪರೀತ. 1962ರಿಂದ ಅಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕ ಸರ್ಕಾರದ ಸ್ವಯಂಸೇವಾ ಸಂಸ್ಥೆ ಪೀಸ್ ಕೋರ್ ಕೂಡ 2012ರ ಜನವರಿಯಲ್ಲಿ ತನ್ನ ಸ್ವಯಂಸೇವಕರನ್ನೆಲ್ಲ ವಾಪಸ್ ಕರೆಸಿಕೊಂಡಿತ್ತು. ಅಂಥ ಊರಿಗೆ ನಾವು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಹೋಗಿ ಇಳಿದೆವು.

ಶಿಬಿರ ನಡೆದದ್ದು ಒಂದು ಸರ್ಕಾರಿ ಶಾಲೆಯಲ್ಲಿ. ಮೊದಲ ಕೋಣೆಯಲ್ಲಿ ಹೆಸರು ಬರೆಸುವುದು. ಎರಡನೆಯದರಲ್ಲಿ ಬಿಪಿ, ತೂಕ. ಮೂರನೆಯದರಲ್ಲಿ ಡಾಕ್ಟರು. ಕೊನೆಯಲ್ಲಿ ಔಷಧಿ. ಮಕ್ಕಳಿಗೆಲ್ಲ 400 ಮಿಲಿಗ್ರಾಂ ಅಲ್ಬೆಂಡಜೋಲ್, ಜಂತುಹುಳದ ಮಾತ್ರೆ, ನಮ್ಮ ಶಾಲೆಗಳಲ್ಲಿ ಕೊಡುವಂಥದ್ದೇ. ನಾಲ್ಕು ದಿನದಲ್ಲಿ 900ಕ್ಕೂ ಜಾಸ್ತಿ ಜನರನ್ನು ನೋಡಿದೆವು. ದಿನಾ ಸಂಜೆ ಆ ಸಂಖ್ಯೆ ಓದಿ ಹೇಳುತ್ತಿದ್ದರು, ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ನಾನು ಬಿಪಿ ಮೇಜಿನಲ್ಲಿ ಕೂತಿದ್ದೆ. ಎರಡನೆಯ ದಿನ ಮಧ್ಯಾಹ್ನ ಒಬ್ಬ ಅಜ್ಜಿ ಬಂದರು. ಅರವತ್ತೈದರ ಮೇಲೆ ವಯಸ್ಸು, ತೊಳೆದು ತೊಳೆದು ಬಣ್ಣ ಬಿಟ್ಟ ಹೂವಿನ ಲಂಗ. ಬಿಪಿ 190/110 ಇತ್ತು. ಮಾತ್ರೆ ತಗೊಳ್ತೀರಾ ಅಂತ ದುಭಾಷಿ ಹುಡುಗನ ಮೂಲಕ ಕೇಳಿದೆ. ಹೂಂ ಅಂದರು. ಸೊಂಟದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಗಂಟು ಬಿಚ್ಚಿ, ಮೇಜಿನ ಮೇಲೆ ಸುರಿದರು.

ಚಿಕ್ಕ ಚಿಕ್ಕ ಜಿಪ್ ಕವರುಗಳು. ಹನ್ನೊಂದು ಇದ್ದವು, ನಾನು ಎಣಿಸಿದೆ. ಹಳದಿ, ಬಿಳಿ, ಗುಲಾಬಿ ಮಾತ್ರೆಗಳು. ಕೆಲವು ಒಡೆದು ಪುಡಿಯಾಗಿದ್ದವು. ಹಿಂದಿನ ವರ್ಷ, ಅದರ ಹಿಂದಿನ ವರ್ಷ ಬಂದ ಶಿಬಿರಗಳಲ್ಲಿ ಕೊಟ್ಟಿದ್ದು ಅವೆಲ್ಲ. ಪ್ರತಿ ಕವರಿನ ಮೇಲೂ ಇಂಗ್ಲಿಷಿನಲ್ಲಿ ಬರೆದಿತ್ತು. ಆ ಅಜ್ಜಿಗೆ ಸ್ಪ್ಯಾನಿಷ್ ಓದಲೂ ಬರುತ್ತಿರಲಿಲ್ಲ. ಮೂರು ಕವರುಗಳಲ್ಲಿ ಇದ್ದದ್ದು ಒಂದೇ ಔಷಧಿ, ಬಿಪಿಗೆ ಕೊಡುವ ಅಮ್ಲೋಡಿಪಿನ್, ಬೇರೆ ಬೇರೆ ಕಂಪನಿಯದು. ಅವರು ಅದನ್ನು ಮೂರು ಬೇರೆ ಮಾತ್ರೆ ಅಂದುಕೊಂಡಿದ್ದರು. ಯಾವಾಗ ತಗೊಳ್ತೀರಿ ಅಂತ ಕೇಳಿದೆ. ತಲೆ ನೋವು ಬಂದಾಗ ಒಂದು, ಕಾಲು ನೋವು ಬಂದಾಗ ಗುಲಾಬಿ ಬಣ್ಣದ್ದು ಒಂದು, ಎಂದರು. ಉಳಿದ ದಿನ ಮುಗಿದು ಹೋಗದ ಹಾಗೆ ಜೋಪಾನ ಮಾಡಿ ಇಟ್ಟಿದ್ದರು.

ಬಿಪಿ ಮಾತ್ರೆ ಹಾಗೆ ತಗೊಂಡರೆ ಕೆಲಸ ಮಾಡಲ್ಲ, ಅದು ನಿಮಗೆ ಗೊತ್ತು. ಬಿಪಿ ಸದ್ದಿಲ್ಲದ ಕಾಯಿಲೆ. ನೋವಿಲ್ಲ, ಜ್ವರವಿಲ್ಲ. ದಿನಾ ಒಂದು ಮಾತ್ರೆ, ವರ್ಷಗಟ್ಟಲೆ, ನಡುವೆ ನಡುವೆ ಅಳೆದು ನೋಡುತ್ತಾ ಹೋಗಬೇಕು. ಇದನ್ನು ಆ ಅಜ್ಜಿಗೆ ಕೂತು ಹೇಳಲು ಯಾರಿಗೂ ಪುರುಸೊತ್ತು ಇರಲಿಲ್ಲ. ನನ್ನ ಹಿಂದೆ ಇನ್ನೂ 60 ಜನ ಬಿಸಿಲಲ್ಲಿ ನಿಂತಿದ್ದರು. ಡಾಕ್ಟರು ಎರಡು ನಿಮಿಷ ನೋಡಿ ಚೀಟಿ ಬರೆದರು. ಔಷಧಿ ಕೋಣೆಯಿಂದ ಮೂವತ್ತು ದಿನದ ಮಾತ್ರೆ ಸಿಕ್ಕಿತು. ಹನ್ನೆರಡನೆಯ ಕವರ್. ಅದೂ ಇಂಗ್ಲಿಷಿನದೇ. ಮೂವತ್ತೊಂದನೆಯ ದಿನ ಇವರು ಏನು ಮಾಡಬೇಕು ಅಂತ ನಾನು ಕೇಳಿದೆ. ಮುಂದಿನ ತಂಡ ಆರು ತಿಂಗಳಿಗೆ ಬರುತ್ತದೆ ಅಂದರು.

ಅವತ್ತು ಸಂಜೆ ನಾವು ಪೆಟ್ಟಿಗೆ ಕಟ್ಟುತ್ತಿದ್ದಾಗ ಒಬ್ಬ ಹೆಂಗಸು ನಡೆದುಕೊಂಡು ಬಂದರು. ಬಿಳಿ ಸಮವಸ್ತ್ರ, ಕೈಯಲ್ಲಿ ಛತ್ರಿ. ಅಲ್ಲಿಂದ ಮೂರು ಕಿಲೋಮೀಟರ್ ದೂರದ ಆರೋಗ್ಯ ಕೇಂದ್ರದ ನರ್ಸ್ ಅವರು. ನಾನು ಅವರನ್ನು ನರ್ಸಮ್ಮ ಅಂತಲೇ ಹೇಳುತ್ತೇನೆ. ನಮ್ಮ ಮುಖಂಡರ ಹತ್ತಿರ ಹೋಗಿ ಒಂದೇ ಮಾತು ಕೇಳಿದರು: "ಬಿಪಿ ಇರೋರ ಪಟ್ಟಿ ನನಗೆ ಕೊಡ್ತೀರಾ?"

ಮಾಹಿತಿಯೆಲ್ಲ ಕಂಪ್ಯೂಟರಿನಲ್ಲಿದೆ, ಊರಿಗೆ ಹೋದ ಮೇಲೆ ಕಳಿಸುತ್ತೇವೆ ಅಂತ ಉತ್ತರ ಬಂತು. ನರ್ಸಮ್ಮ ತಲೆ ಆಡಿಸಿದರು. ಅದೇ ಉತ್ತರ ಅವರು ಹಿಂದೆಯೂ ಕೇಳಿದ್ದರು ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಊರಿನಲ್ಲಿ ಏನೂ ಇಲ್ಲ, ನಾವು ಹೋದರೆ ಮಾತ್ರ ಅವರಿಗೆ ಔಷಧಿ ಅಂತ ನಮಗೆ ಹೇಳಿ ಕರೆದುಕೊಂಡು ಹೋಗಿದ್ದರು. ನಾನೂ ನಂಬಿದ್ದೆ. ಆದರೆ ಹೊಂಡುರಾಸಿನ ಹಳ್ಳಿಗಾಡಿನಲ್ಲಿ ಸೆಸಾರ್ ಅಂತ ಕರೆಯುವ ಚಿಕ್ಕ ಆರೋಗ್ಯ ಕೇಂದ್ರಗಳಿದ್ದವು. ನಮ್ಮ ಸಬ್ ಸೆಂಟರ್ ಇದ್ದ ಹಾಗೆ. ಒಬ್ಬ ಸಹಾಯಕ ನರ್ಸ್ ಅದನ್ನು ನಡೆಸುತ್ತಿದ್ದರು. ಅದರ ಮೇಲೆ ಡಾಕ್ಟರ್ ಇರುವ ಕೇಂದ್ರ, ಅದಕ್ಕೆ ಸೆಸಾಮೊ ಅನ್ನುತ್ತಿದ್ದರು. ಊರಿನೊಳಗೆ ಆರೋಗ್ಯದ ಕಾವಲುಗಾರರು ಅಂತ ಸ್ವಯಂಸೇವಕರಿರುತ್ತಾರೆ. ಇನ್ನು ಮೊನಿಟೋರಾ ಅಂತ ಹೆಂಗಸರು. ಎರಡು ವರ್ಷದ ಒಳಗಿನ ಮಕ್ಕಳನ್ನು ತಿಂಗಳಿಗೊಮ್ಮೆ ತೂಗಿ, ತೂಕ ಏರಿದೆಯಾ ಅಂತ ನೋಡಿ, ಏರದಿದ್ದರೆ ತಾಯಿಯ ಜೊತೆ ಕೂತು ಯಾಕೆ ಅಂತ ಮಾತಾಡುವುದು ಅವರ ಕೆಲಸ. 1990ರ ದಶಕದಲ್ಲಿ ಶುರುವಾದ ಆ ಪದ್ಧತಿಯನ್ನು ಬೇರೆ ದೇಶದವರು ಬಂದು ನೋಡಿಕೊಂಡು ಹೋಗುತ್ತಿದ್ದರು. ನಮ್ಮ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಲ್ವಾ, ಅವರ ಅಕ್ಕತಂಗಿಯರೇ ಇವರು. ಇಷ್ಟೆಲ್ಲ ಇರುವ ಊರಿಗೆ ನಾವು ಯಾರನ್ನೂ ಮಾತಾಡಿಸದೆ ಹೋಗಿ ಶಾಲೆಯಲ್ಲಿ ಮೇಜು ಹಾಕಿದ್ದೆವು.

ನರ್ಸಮ್ಮನ ಹಿಂದೆಯೇ ನಾನು ಹೊರಗೆ ಹೋದೆ. ನನ್ನ ಬಿಪಿ ಮೇಜಿನ ಚೀಟಿಗಳು ಇನ್ನೂ ನನ್ನ ಹತ್ತಿರವೇ ಇದ್ದವು. ಅವನ್ನು ಕಂಪ್ಯೂಟರಿಗೆ ಹಾಕಿಯಾಗಿತ್ತು, ಮಾರನೆಯ ದಿನ ಎಸೆಯುವವರಿದ್ದರು. ನಾನೂ ನರ್ಸು ಅಂತ ಹರುಕು ಮುರುಕು ಸ್ಪ್ಯಾನಿಷಿನಲ್ಲಿ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. ದುಭಾಷಿ ಹುಡುಗನನ್ನೂ ಕೂರಿಸಿಕೊಂಡು, ಮೂರನೆಯ ದಿನ ಮತ್ತು ನಾಲ್ಕನೆಯ ದಿನ ಸಂಜೆ ಶಾಲೆಯ ಜಗುಲಿಯಲ್ಲಿ ಕೂತು ಆ ಚೀಟಿಗಳನ್ನು ಅವರ ರಿಜಿಸ್ಟರಿಗೆ ಬರೆದೆವು.

ಆ ರಿಜಿಸ್ಟರ್ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದಪ್ಪ ರಟ್ಟು, ಮೂಲೆಗಳಿಗೆ ಪ್ಲಾಸ್ಟರ್ ಅಂಟಿಸಿದ್ದರು. ಒಳಗೆ ಸ್ಕೇಲ್ ಇಟ್ಟು ಎಳೆದ ನೀಲಿ ಗೆರೆ. ಹೆಸರು, ಮನೆ, ಬಿಪಿ, ಮಾತ್ರೆ, ಬಂದ ತಾರೀಖು. ಕೊನೆಯ ಕಾಲಂ ಅಗಲವಾಗಿತ್ತು, ಅದರಲ್ಲಿ ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಅಂತ ಚಿಕ್ಕ ಚಿಕ್ಕ ಮನೆಗಳು. ನಾನು ಹೆಸರು ಓದುತ್ತಿದ್ದೆ. ಮರಿಯಾ ಅನ್ನುವ ಹೆಸರೇ ಒಂಬತ್ತು ಬಂತು. ಅಪ್ಪನ ಮನೆ ಹೆಸರು, ಅಮ್ಮನ ಮನೆ ಹೆಸರು ಎರಡೂ ಒಂದೇ ಇರುವವರೂ ಇದ್ದರು. ನಮ್ಮ ಚೀಟಿಯಲ್ಲಿ ಅಷ್ಟೇ ಇತ್ತು. ನರ್ಸಮ್ಮ ವಯಸ್ಸು ಕೇಳಿ, ಸ್ವಲ್ಪ ಯೋಚನೆ ಮಾಡಿ ಬರೆಯುತ್ತಿದ್ದರು: ಮಾವಿನ ಮರದ ಮನೆ ಮರಿಯಾ. ಮಗ ಅಮೆರಿಕಕ್ಕೆ ಹೋದ ಮರಿಯಾ. ತೋಡಿನ ಆಚೆ ಮರಿಯಾ. ನಮ್ಮೂರಲ್ಲಿ ಬಾವಿಕಟ್ಟೆ ಗೌರಮ್ಮ, ಮೇಲಿನಕೇರಿ ಗೌರಮ್ಮ ಅನ್ನೋದಿಲ್ವಾ, ಥೇಟ್ ಹಾಗೇ. ನನಗೆ ಅಲ್ಲಿ ಕೂತಲ್ಲೇ ಗಂಟಲು ಉಬ್ಬಿ ಬಂತು. 900 ಜನರನ್ನು ನೋಡಿದೆವು ಅಂತ ನಾವು ಚಪ್ಪಾಳೆ ತಟ್ಟಿದ್ದೆವು. ಆ 900ರಲ್ಲಿ ಒಬ್ಬರ ಮನೆ ಎಲ್ಲಿ ಅಂತಲೂ ನಮಗೆ ಗೊತ್ತಿರಲಿಲ್ಲ.

ಒಟ್ಟು 41 ಹೆಸರು ಆಯಿತು. ಅದರಲ್ಲಿ 17 ಜನ ಅವರ ರಿಜಿಸ್ಟರಿನಲ್ಲಿ ಆಗಲೇ ಇದ್ದರು. ಅವರಿಗೆ ಸರ್ಕಾರದಿಂದ ಬಂದ ಎನಲಾಪ್ರಿಲ್ ಅನ್ನುವ ಬಿಪಿ ಮಾತ್ರೆ ಕೊಡುತ್ತಿದ್ದರು. ನಮ್ಮ ಡಾಕ್ಟರು ಬೇರೆ ಮಾತ್ರೆ ಕೊಟ್ಟು ಕಳಿಸಿದ್ದರು. ಆ 17 ಮನೆಗೂ ಹೋಗಿ ಯಾವುದು ತಗೊಳ್ಳಬೇಕು, ಯಾವುದು ಬಿಡಬೇಕು ಅಂತ ಹೇಳಿ ಬರುವ ಕೆಲಸವೂ ನರ್ಸಮ್ಮನ ತಲೆಗೇ ಬಂತು.

ಬರೆಯುತ್ತಾ ಮಾತಾಡಿದೆವು. ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಬರೀ ಸಕ್ಕರೆ ಅನ್ನುತ್ತಾರೆ. ನಾವು ಶುಗರ್ ಇದೆ ಅನ್ನುವ ಹಾಗೆ. ಬಿಪಿಗೆ ಬರೀ ಪ್ರೆಶರ್, ಅವರ ಮಾತಿನಲ್ಲಿ ಪ್ರೆಸಿಯೋನ್. ನಿಮಗೆ ಬೇಕಾಗಿದ್ದದ್ದು ಏನು ಅಂತ ನರ್ಸಮ್ಮನನ್ನು ಕೇಳಿದೆ. ಗಾಳಿ ಸೋರದ ಒಂದು ಬಿಪಿ ಕಫ್, ಅಂದರು. ತೋಳಿಗೆ ಸುತ್ತುವ ಪಟ್ಟಿ ಅದು. ಇದ್ದ ಕಫ್ ಹರಿದು ಹೋಗಿತ್ತು. ನಮ್ಮ ಪೆಟ್ಟಿಗೆಯಲ್ಲಿ ಆರು ಬಿಪಿ ಉಪಕರಣ ಇದ್ದವು, ಮುಂದಿನ ಶಿಬಿರಕ್ಕೆ ಅಂತ ಎಣಿಸಿ ಕಟ್ಟಿಟ್ಟಿದ್ದರು. ನನ್ನ ಸ್ವಂತದ್ದು ಒಂದಿತ್ತು. ಅದನ್ನು ಅವರಿಗೆ ಕೊಟ್ಟು ಬಂದೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಲೆಕ್ಕ ನೋಡಿ. 28 ಜನ, ತಲಾ 2,000 ಡಾಲರ್, ಅಂದರೆ 56,000 ಡಾಲರ್ ಖರ್ಚು ಮಾಡಿ ಬಂದ ನಮಗೆ ಊರಿನ ನರ್ಸಿಗೆ ಕಫ್ ಹರಿದಿದೆ ಅನ್ನುವುದು ಗೊತ್ತಾಗಿದ್ದು ಕೊನೆಯ ದಿನ ಸಂಜೆ.

ನಾಲ್ಕನೆಯ ದಿನ ಬೆಳಗ್ಗೆ ನರ್ಸಮ್ಮ ನನ್ನನ್ನು ಒಂದು ಮನೆಗೆ ಕರೆದುಕೊಂಡು ಹೋಗಿದ್ದರು. ಮಣ್ಣಿನ ಗೋಡೆ, ಬಿರುಕು ಬಿಟ್ಟಿತ್ತು. ಮನೆಯ ಯಜಮಾನ ಒಂದು ಬೆಂಕಿಪೊಟ್ಟಣ ತಂದು ತೆರೆದು ತೋರಿಸಿದರು. ಒಳಗೆ ಗೇರುಬೀಜದಷ್ಟು ದೊಡ್ಡ ಒಂದು ತಿಗಣೆ, ಸತ್ತದ್ದು. ಅದಕ್ಕೆ ಅಲ್ಲಿ ಚಿಂಚೆ ಪಿಕುಡಾ ಅನ್ನುತ್ತಾರೆ. ಚಾಗಸ್ ಕಾಯಿಲೆ ಹರಡುವುದು ಅದರಿಂದ. 1909ರಲ್ಲಿ ಬ್ರೆಜಿಲಿನ ಕಾರ್ಲೋಸ್ ಚಾಗಸ್ ಕಂಡುಹಿಡಿದದ್ದು. ಹಗಲೆಲ್ಲ ಗೋಡೆಯ ಬಿರುಕಿನಲ್ಲಿ, ಹುಲ್ಲಿನ ಚಾವಣಿಯಲ್ಲಿ ಅಡಗಿರುತ್ತದೆ. ರಾತ್ರಿ ಮಲಗಿದವರ ಮುಖ ಕಚ್ಚಿ ರಕ್ತ ಹೀರಿ, ಅಲ್ಲೇ ಹಿಕ್ಕೆ ಹಾಕುತ್ತದೆ. ಕೆರೆದುಕೊಂಡಾಗ ಹಿಕ್ಕೆಯಲ್ಲಿರುವ ರೋಗಾಣು ಒಳಗೆ ಹೋಗುತ್ತದೆ. ಆಗ ಹೆಚ್ಚಿನವರಿಗೆ ಏನೂ ಗೊತ್ತಾಗಲ್ಲ. ಇಪ್ಪತ್ತು ಮೂವತ್ತು ವರ್ಷದ ಮೇಲೆ, ಸೋಂಕು ತಗಲಿದ ನೂರರಲ್ಲಿ 20ರಿಂದ 30 ಜನರಿಗೆ ಹೃದಯ ಕೆಡುತ್ತದೆ.

ತಿಗಣೆ ಕಂಡರೆ ಹಿಡಿದು ಆರೋಗ್ಯ ಕೇಂದ್ರಕ್ಕೆ ತಂದು ಕೊಡಿ ಅಂತ ಜನರಿಗೆ ಹೇಳಿಕೊಟ್ಟಿದ್ದರು. ಆ ಬೆಂಕಿಪೊಟ್ಟಣ ಅದಕ್ಕೇ. ತಿಗಣೆ ಬಂದ ಮನೆ ಯಾವುದು ಅಂತ ಬರೆದುಕೊಂಡು, ಅಲ್ಲಿ ಔಷಧಿ ಸಿಂಪಡಿಸಿ, ಗೋಡೆಗೆ ಗಾರೆ ಮಾಡಿಸುತ್ತಿದ್ದರು. ಜಪಾನಿನವರೂ ಇದರಲ್ಲಿ ಸರ್ಕಾರದ ಜೊತೆ ಸೇರಿ ಹಲವು ವರ್ಷ ಕೆಲಸ ಮಾಡಿದ್ದಾರೆ. ಒಂದು ಜಾತಿಯ ತಿಗಣೆಯಿಂದ ರೋಗ ಹರಡುವುದನ್ನು ಆ ದೇಶ ನಿಲ್ಲಿಸಿಯೇಬಿಟ್ಟಿದೆ. ನಾವಿರುವುದು ಶಿವಮೊಗ್ಗದಲ್ಲಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಸಿಕ್ಕಿದ್ದು ನಿಮಗೆಲ್ಲ ಗೊತ್ತು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಅಂತ ಮೊದಲು ಯಾರು ಹೇಳುತ್ತಾರೆ? ದರಗು ತರಲು ಹೋದವರು, ದನ ಮೇಯಿಸುವವರು. ಉಣ್ಣೆ ಕಚ್ಚದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ಮನೆ ಮನೆಗೆ ಹಂಚುವವರು ಆಶಾ ಅಕ್ಕಂದಿರು. ಒಂದು ವಾರಕ್ಕೆ ಬಂದ ವಿದ್ಯಾರ್ಥಿಯ ಕಣ್ಣಿಗೆ ಸತ್ತ ಮಂಗ ಬೀಳುವುದಿಲ್ಲ, ಗೋಡೆಯ ತಿಗಣೆಯೂ ಬೀಳುವುದಿಲ್ಲ.

ಅದೇ ಮನೆಯಲ್ಲಿ ಇನ್ನೊಂದು ನೋಡಿದೆ. ಹಿಂದಿನ ವರ್ಷ ಯಾವುದೋ ವಿದ್ಯಾರ್ಥಿ ತಂಡ ಬಂದು ಕಟ್ಟಿಕೊಟ್ಟ ಒಲೆ. ಅದಕ್ಕೆ ಹುಸ್ತಾ ಒಲೆ ಅನ್ನುತ್ತಾರೆ. ಹೊಂಡುರಾಸಿನದೇ ವಿನ್ಯಾಸ. ಹುಸ್ತಾ ಅನ್ನುವುದು ಅದನ್ನು ರೂಪಿಸಲು ಸಹಾಯ ಮಾಡಿದ ಅಲ್ಲಿನ ಹೆಂಗಸೊಬ್ಬರ ಹೆಸರು. ಮೇಲೆ ಕಬ್ಬಿಣದ ಹಂಚು, ಹಿಂದೆ ಹೊಗೆ ಕೊಳವೆ. ಜೋಳದ ರೊಟ್ಟಿ, ಅಂದರೆ ಮೆಕ್ಕೆಜೋಳದ ಟೋರ್ಟಿಯಾ, ಆ ಹಂಚಿನ ಮೇಲೆ ಚೆನ್ನಾಗಿ ಬೇಯುತ್ತದೆ. ಸೌದೆಯೂ ಕಡಿಮೆ ಸಾಕು. ಆದರೆ ಆ ಮನೆಯಲ್ಲಿ ಹಂಚಿನ ಮೇಲೆ ಬಟ್ಟೆ ಮಡಿಸಿ ಇಟ್ಟಿದ್ದರು. ಮೂಲೆಯಲ್ಲಿ ಮೂರು ಕಲ್ಲಿನ ಮೇಲೆ ಅಡುಗೆ ನಡೆದಿತ್ತು, ಮನೆ ತುಂಬ ಹೊಗೆ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡಿತ್ತು. ಅದನ್ನು ಬಿಚ್ಚಿ ತೆಗೆಯಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ನನಗೆ ನಮ್ಮ ಅಜ್ಜಿ ಮನೆ ನೆನಪಾಯಿತು. ಅಲ್ಲಿ ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಅವರು ಹಳ್ಳಿಗಳಿಗಾಗಿ ಶುರು ಮಾಡಿದ ಅಸ್ತ್ರ ವಿಭಾಗದ ಒಲೆ ಅದು. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಕೊಳವೆ ಕಟ್ಟಿಕೊಂಡು ಒಲೆ ಮೂಲೆ ಸೇರಿತು. ಅಜ್ಜಿ ಮನೆಯದು ಮಾತ್ರ ಬಹಳ ವರ್ಷ ಉರಿಯಿತು. ಯಾಕೆಂದರೆ ಅದನ್ನು ಹಾಕಿಕೊಟ್ಟ ಮೇಸ್ತ್ರಿ ಪಕ್ಕದ ಊರಿನವರು. ಹೊಗೆ ತಿರುಗಿ ಬಂದರೆ ಅಜ್ಜಿ ಹೇಳಿ ಕಳಿಸುತ್ತಿದ್ದರು, ಮೇಸ್ತ್ರಿ ಸೈಕಲ್ ಹತ್ತಿ ಬರುತ್ತಿದ್ದರು, ಒಂದು ಲೋಟ ಕಾಫಿ ಕುಡಿದು ಕೊಳವೆ ಸರಿ ಮಾಡಿ ಹೋಗುತ್ತಿದ್ದರು. ನಾನು ನಿಮಗೆ ಹೇಳಬೇಕಾದ್ದು ಇದೇ. ಒಲೆಯಾಗಲಿ ಮಾತ್ರೆಯಾಗಲಿ, ನೀವು ಬಸ್ಸು ಹತ್ತಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಅವರನ್ನು ಮೊದಲ ದಿನವೇ ಹುಡುಕಿಕೊಂಡು ಹೋಗಿ. ಅವರು ಹೇಳಿದ ಕೆಲಸ ಮಾಡಿ.

ಇದು ಹೊಸ ಮಾತೇನೂ ಅಲ್ಲ. 1968ರಲ್ಲಿ ಇವಾನ್ ಇಲಿಚ್ ಎಂಬ ಪಾದ್ರಿ, ಮೆಕ್ಸಿಕೋದ ಹಳ್ಳಿ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಬಹಳ ಖಾರವಾಗಿ ಮಾತಾಡಿದ್ದರು. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಓದಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎನ್ನುವುದು ಅವರ ಮಾತಿನ ತಿರುಳು. ನಾನು ಅಷ್ಟು ದೂರ ಹೋಗುವುದಿಲ್ಲ. ಸಹಾಯ ಆಗುತ್ತದೆ, ನಾನು ನೋಡಿದ್ದೇನೆ. ಆದರೆ ಕಲಿಯಲು ಬಂದಿದ್ದೇನೆ ಅಂತ ಬಾಯಿಬಿಟ್ಟು ಹೇಳಿ ಹೋದವರಿಂದ ಆಗುವ ತೊಂದರೆ ಕಡಿಮೆ.

ತೊಂದರೆ ಅಂದೆ. ಅದನ್ನು ಮುಚ್ಚಿಡಬಾರದು. ನಮ್ಮ ತಂಡದಲ್ಲಿ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದ ಹುಡುಗರಿದ್ದರು. ಮೆಡಿಕಲ್ ಸೀಟಿಗೆ ಅರ್ಜಿ ಹಾಕುವಾಗ ಬರೆದುಕೊಳ್ಳಲು ಇಂಥ ಪ್ರವಾಸ ಬೇಕು ಅಂತ ಬಂದವರು. ಅವರಲ್ಲಿ ಒಬ್ಬನ ಕೈಗೆ ದಂತವೈದ್ಯರ ಕೋಣೆಯಲ್ಲಿ ಸಿರಿಂಜ್ ಕೊಟ್ಟರು. ಅವನ ಊರಿನಲ್ಲಾದರೆ ಅವನು ಆ ಕೋಣೆಯ ಬಾಗಿಲೂ ದಾಟುವಂತಿರಲಿಲ್ಲ. ನಾನು ನೋಡಿಯೂ ಸುಮ್ಮನಿದ್ದೆ. ಅದು ನನ್ನ ತಪ್ಪು, ಇವತ್ತಿಗೂ ಚುಚ್ಚುತ್ತದೆ. ಅಮೆರಿಕದ ಮೆಡಿಕಲ್ ಕಾಲೇಜುಗಳ ಒಕ್ಕೂಟ 2011ರಲ್ಲೇ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು. ನಿಮ್ಮ ಊರಿನಲ್ಲಿ ಮಾಡಲು ಅನುಮತಿ ಇಲ್ಲದ್ದನ್ನು ಬೇರೆ ದೇಶದ ಬಡವರ ಮೇಲೆ ಮಾಡಬೇಡಿ ಅನ್ನುವುದು ಅದರ ಅರ್ಥ. ನೀವು ಇಂಟರ್ನ್‌ಶಿಪ್ ಕೂಡ ಮುಗಿಸಿಲ್ಲ. ನೇಪಾಳದ ಯಾವುದೋ ಊರಿನಲ್ಲಿ ಜನ ನಿಮ್ಮ ಕೊರಳಿನ ಸ್ಟೆಥೋಸ್ಕೋಪ್ ನೋಡಿ ಡಾಕ್ಟರ್ ಸಾಬ್ ಅಂತ ಕರೆದಾಗ, ಇಲ್ಲ ಇನ್ನೂ ಓದುತ್ತಿದ್ದೇನೆ ಅಂತ ಹೇಳಲು ಗಟ್ಟಿತನ ಬೇಕು. ಹೇಳಿ.

ಇನ್ನೊಂದು ಉದಾಹರಣೆ ಹೈಟಿ, ಕ್ಯೂಬಾದ ಪಕ್ಕದ ದ್ವೀಪದ ದೇಶ. 2010ರ ಜನವರಿಯಲ್ಲಿ ಅಲ್ಲಿ ಭೂಕಂಪ ಆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾಲರಾ ಶುರುವಾಯಿತು. ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರದ ಶೌಚದ ನೀರು ಹೊಳೆಗೆ ಸೇರಿ ಬಂದ ಕಾಲರಾ. ಸುಮಾರು 10,000 ಜನ ಸತ್ತರು. 2016ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಗಿನ ಮುಖ್ಯಸ್ಥ ಬಾನ್ ಕಿ ಮೂನ್ ಅವರು ಹೈಟಿಯ ಜನರ ಕ್ಷಮೆ ಕೇಳಿದರು. ಕಾಪಾಡಲು ಹೋದವರ ಜೊತೆಯೇ ರೋಗ ಹೋಗಿತ್ತು. ನೀವು ಆರು ಜನ ಅಷ್ಟೇ, ನಿಜ. ಆದರೂ ಬೇಧಿ ಶುರುವಾಗಿರುವವರು ಊರಿನ ನೀರಿನ ಹತ್ತಿರ ಹೋಗಬೇಡಿ. ಕೆಮ್ಮು ಇರುವವರು ಮಕ್ಕಳ ಕೋಣೆಗೆ ಹೋಗಬೇಡಿ.

ಈಗ ನಾನು ಜಗುಲಿಯ ಈ ಕಡೆ ಇದ್ದೇನೆ. ನಮ್ಮ ತಾಲೂಕಿಗೂ ಹೊರದೇಶದ ವಿದ್ಯಾರ್ಥಿಗಳು ಬರುತ್ತಾರೆ, ನಾಲ್ಕು ವಾರ, ಆರು ವಾರ. ಬಂದವರಿಗೆ ಮೊದಲ ಒಂದು ವಾರ ನಾನು ಏನೂ ಮಾಡಲು ಬಿಡುವುದಿಲ್ಲ. ಆಶಾ ಅಕ್ಕನ ಹಿಂದೆ ನಡೆಯಬೇಕು. ಚೀಲ ಹೊರಬೇಕು. ಎರಡು ವರ್ಷದ ಕೆಳಗೆ ಬಂದ ಒಬ್ಬ ಹುಡುಗಿಗೆ ಇದು ಹಿಡಿಸಲಿಲ್ಲ. ನನಗೆ ರೋಗಿಗಳನ್ನು ನೋಡಬೇಕಿತ್ತು ಅಂದಳು. ಇರು ಮಗಳೇ ಅಂದೆ. ಎರಡನೆಯ ವಾರ ಅವಳೇ ಒಂದು ಪ್ರಶ್ನೆ ತಂದಳು. ಬಿಪಿ ರಿಜಿಸ್ಟರಿನಲ್ಲಿ 62 ಹೆಸರಿದೆ, ಅದರಲ್ಲಿ 19 ಜನ ಎರಡು ತಿಂಗಳಿಂದ ಮಾತ್ರೆಗೆ ಬಂದಿಲ್ಲ, ಯಾಕೆ? ಆಶಾ ಅಕ್ಕ ನಕ್ಕುಬಿಟ್ಟರು. ಬಾ ತೋರಿಸ್ತೀನಿ ಅಂತ ಕರೆದುಕೊಂಡು ಹೋದರು.

ಅದು ಅಡಿಕೆ ಕೊಯ್ಲಿನ ಕಾಲ. ಆ 19 ಜನರಲ್ಲಿ ಹೆಚ್ಚಿನವರು ಹೆಂಗಸರು. ಬೆಳಗ್ಗೆಯಿಂದ ತೋಟ, ಸಂಜೆಯಿಂದ ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುವ ಚಪ್ಪರ. ಮೆಟ್ಟುಗತ್ತಿ ಮುಂದೆ ಕೂತರೆ ಎದ್ದೇಳುವ ಹಾಗಿಲ್ಲ. ಸುಲಿದ ಅಳತೆಯ ಮೇಲೆ ಕೂಲಿ. ಆಸ್ಪತ್ರೆಗೆ ಬಂದರೆ ಅವತ್ತಿನ ದುಡ್ಡು ಹೋಯಿತು. ಆಶಾ ಅಕ್ಕ, ಸಬ್ ಸೆಂಟರಿನ ಸಿಸ್ಟರ್, ಆ ಹುಡುಗಿ ಮೂವರೂ ಮಾತಾಡಿಕೊಂಡು ರಾತ್ರಿ ಎಂಟಕ್ಕೆ ಚಪ್ಪರಕ್ಕೇ ಹೋದರು. ಬಲ್ಬಿನ ಕೆಳಗೆ, ಅಡಿಕೆ ಸಿಪ್ಪೆಯ ರಾಶಿಯ ಪಕ್ಕ, ಒಬ್ಬೊಬ್ಬರ ತೋಳಿಗೂ ಕಫ್ ಕಟ್ಟಿ ನೋಡಿ, ಮಾತ್ರೆ ಕೊಟ್ಟರು. ಐದು ಚಪ್ಪರಗಳಲ್ಲಿ 14 ಜನ ಸಿಕ್ಕಿದರು. ಹುಡುಗಿ ಬರೆದುಕೊಂಡಳು, ಟಾರ್ಚ್ ಹಿಡಿದಳು. ಅವಳು ಹೋದ ಮೇಲೂ ಕೊಯ್ಲಿನ ಕಾಲದಲ್ಲಿ ಚಪ್ಪರಕ್ಕೆ ಹೋಗುವುದು ನಡೆದಿದೆ. ಯೋಚನೆ ಆಶಾ ಅಕ್ಕನದು. ಆದರೆ ಆ 19 ಹೆಸರನ್ನು ಕೂತು ಎಣಿಸಲು ಪುರುಸೊತ್ತು ಇದ್ದದ್ದು ಆ ಹುಡುಗಿಗೆ. ಹೊರಗಿನಿಂದ ಬಂದ ವಿದ್ಯಾರ್ಥಿಯ ಹತ್ತಿರ ನಿಜವಾಗಿ ಜಾಸ್ತಿ ಇರುವುದು ಪುರುಸೊತ್ತು. ಅದನ್ನು ಕೊಡಿ.

ಒಂದು ಮಾತು ನನ್ನನ್ನು ಕಾಡುತ್ತದೆ. ಅಲ್ಲಿನವರು ಇಲ್ಲಿಗೆ ಬಂದು ನೋಡುತ್ತಾರೆ. ನಮ್ಮ ಆಶಾ ಅಕ್ಕನಿಗೆ ಅವರ ಊರಿಗೆ ಹೋಗಿ ನೋಡಲು ಯಾರೂ ಟಿಕೆಟ್ ಕೊಡುವುದಿಲ್ಲ, ವೀಸಾವನ್ನೂ ಕೊಡುವುದಿಲ್ಲ. ಆ ನರ್ಸಮ್ಮನಿಗೂ ಹಾಗೇ. ಎದುರು ದಿಕ್ಕಿನ ಪ್ರಯಾಣ ನಡೆದಿರುವುದು ಕ್ಯೂಬಾದಲ್ಲಿ. 1998ರ ಅಕ್ಟೋಬರಿನಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ಕೊಚ್ಚಿಕೊಂಡು ಹೋದಾಗ ಕ್ಯೂಬಾದ ಡಾಕ್ಟರುಗಳು ಬಂದರು. ಅಷ್ಟಕ್ಕೇ ಬಿಡಲಿಲ್ಲ. ಮರುವರ್ಷ ಹವಾನಾದಲ್ಲಿ ಲ್ಯಾಟಿನ್ ಅಮೆರಿಕನ್ ಮೆಡಿಕಲ್ ಕಾಲೇಜು ತೆರೆದು, ಅಂಥ ಊರುಗಳ ಬಡ ಮಕ್ಕಳನ್ನು ಫೀಸಿಲ್ಲದೆ ಓದಿಸಿದರು. ಹಾಗೆ ಓದಿ ಬಂದ ಗರಿಫುನಾ ಜನಾಂಗದ ಹುಡುಗರು ಹೊಂಡುರಾಸಿನ ಕರಾವಳಿಯ ಸಿರಿಬೋಯಾ ಎಂಬಲ್ಲಿ ಊರಿನವರ ಜೊತೆ ಸೇರಿ ಆಸ್ಪತ್ರೆ ಕಟ್ಟಿದ್ದಾರೆ. ರಸ್ತೆಯೇ ಸರಿಯಿಲ್ಲದ ಜಾಗ ಅದು. ಹೊರಗಿನ ವಿದ್ಯಾರ್ಥಿ ವಾರಕ್ಕೆ ಬಂದು ಹೋಗುವುದಕ್ಕೂ, ಊರಿನ ಮಗ ಆರು ವರ್ಷ ಹೊರಗೆ ಓದಿ ವಾಪಸ್ ಬರುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ.

ನೇಪಾಳಕ್ಕೆ ಬರೋಣ. ಅಲ್ಲಿ 1988ರಿಂದ ಮಹಿಳಾ ಸಮುದಾಯ ಆರೋಗ್ಯ ಸ್ವಯಂಸೇವಕಿಯರು ಇದ್ದಾರೆ. 50,000ದಷ್ಟು ಹೆಂಗಸರು. ವರ್ಷಕ್ಕೆ ಎರಡು ಸಲ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಿಟಮಿನ್ ಎ ಹನಿ ಹಾಕುವುದು ಅವರೇ. ಬೆಟ್ಟ ಹತ್ತಿ ಇಳಿದು, ಸಂಬಳ ಇಲ್ಲದೆ ಮಾಡುತ್ತಾರೆ. ನೀವು ಹೋಗುವ ಊರಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಹೋದ ದಿನವೇ ಅವರ ಮನೆ ಯಾವುದು ಅಂತ ಕೇಳಿ. ಹಿಂದಿ ಬಂದರೆ ಸಾಕು ಅಂದುಕೊಳ್ಳಬೇಡಿ. ಬೆಟ್ಟದ ಮೇಲೆ ತಮಾಂಗ್, ಮಗರ್, ಗುರುಂಗ್ ಮಾತಾಡುವ ಅಜ್ಜಿಯರಿಗೆ ನೇಪಾಳಿಯೇ ಎರಡನೆಯ ಭಾಷೆ. ಇಪ್ಪತ್ತು ಮಾತಾದರೂ ಕಲಿತು ಹೋಗಿ. ನೋವು, ನೀರು, ದಿನಾ, ಇವತ್ತು, ನಾಳೆ. "ದಿನಾ" ಅನ್ನುವ ಮಾತು ಖಂಡಿತ ಬೇಕು.

ಔಷಧಿ ಒಯ್ಯುತ್ತೇವೆ ಅಂದಿರಿ. ಮೊದಲು ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಬರೆದು ಕೇಳಿ, ಅವರಲ್ಲಿ ಯಾವುದು ಇದೆ, ಯಾವುದು ಇಲ್ಲ ಅಂತ. ಅವರಿಗೆ ತಲುಪಿದ ಮೇಲೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು, ಅಲ್ಲಿನ ಆರೋಗ್ಯ ಸಿಬ್ಬಂದಿಗೆ ತಿಳಿಯುವ ಭಾಷೆಯಲ್ಲಿ ಲೇಬಲ್ ಇರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮನೆಯಲ್ಲಿ ಉಳಿದ ಸ್ಯಾಂಪಲ್ ಮಾತ್ರೆ ಒಟ್ಟು ಮಾಡಿ ಒಯ್ಯಬೇಡಿ, ದಯವಿಟ್ಟು. ನನಗೆ ಆ ಹನ್ನೊಂದು ಕವರ್ ಸಾಕು.

ಹಾಗಾದರೆ ಹೋಗಬೇಕೋ ಬೇಡವೋ ಅಂತ ನಿಮ್ಮಲ್ಲಿ ಒಬ್ಬಳು ಬಾಗಿಲಲ್ಲೇ ಕೇಳಿದಳು. ಹೋಗಿ. ನಾನು ಹೊಂಡುರಾಸಿಗೆ ಹೋಗದಿದ್ದರೆ ಇವತ್ತು ಈ ಕೆಲಸದಲ್ಲಿ ಇರುತ್ತಿರಲಿಲ್ಲ. ಎಂಟು ತಿಂಗಳಾದ ಮೇಲೆ ಆ ದುಭಾಷಿ ಹುಡುಗನ ಮೂಲಕ ನರ್ಸಮ್ಮ ನನಗೆ ಸುದ್ದಿ ಕಳಿಸಿದ್ದರು. 41 ಜನರಲ್ಲಿ 29 ಜನ ತಿಂಗಳು ತಿಂಗಳು ಬರುತ್ತಿದ್ದಾರೆ. ಇಬ್ಬರು ತೀರಿಕೊಂಡರು. ಚೀಲದ ಅಜ್ಜಿ ಬರುತ್ತಿದ್ದಾರೆ, ಚೀಲವನ್ನು ಅವರ ಎದುರೇ ಖಾಲಿ ಮಾಡಿಸಿ ಒಂದೇ ಮಾತ್ರೆ ಕೊಟ್ಟಿದ್ದೇನೆ, ಬಿಪಿ 150ಕ್ಕೆ ಇಳಿದಿದೆ. ಕಫ್ ಇನ್ನೂ ಚೆನ್ನಾಗಿದೆ. ನಮ್ಮ ತಂಡ ಕಳಿಸುತ್ತೇವೆ ಎಂದಿದ್ದ ಪಟ್ಟಿ ಬಂದಿರಲಿಲ್ಲ.

ಅದಕ್ಕೇ ನಿಮಗೆ ಒಂದು ವಸ್ತು ತಂದಿದ್ದೇನೆ. ಗಾಂಧಿ ಬಜಾರಿನಲ್ಲಿ ಸಿಗುವ ಡೂಪ್ಲಿಕೇಟ್ ಬಿಲ್ ಬುಕ್ಕು, ಆರು ಇವೆ. ಒಳಗೆ ಕಾರ್ಬನ್ ಹಾಳೆ ಇದೆ. ಯಾರನ್ನು ನೋಡಿದರೂ ಇದರಲ್ಲೇ ಬರೆಯಿರಿ. ಹೆಸರು, ಯಾರ ಮನೆ, ಏನು ಕಂಡಿತು, ಏನು ಕೊಟ್ಟಿರಿ. ಅಕ್ಷರ ಬಿಡಿಸಿ ಬರೆಯಿರಿ. ದಿನಾ ಸಂಜೆ ಬಿಳಿ ಹಾಳೆ ಹರಿದು ಅಲ್ಲಿನ ಸ್ವಯಂಸೇವಕಿಯ ಕೈಗೆ ಕೊಡಿ. ಗುಲಾಬಿ ಹಾಳೆ ನಿಮಗೆ ಇರಲಿ. ಬನ್ನಿ, ಒಬ್ಬೊಬ್ಬರಾಗಿ ತಗೊಳ್ಳಿ.